ಒಂದೇ ಮನೆ ನಡೆಯುವ ಕಾಲಾಳು

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಶಾಲಾ ಚೆಸ್ ಕೂಟಗಳಲ್ಲಿ ಕಪ್ಪು ಕಾಯಿ ಪಾಲಿಗೆ ಬಂದಾಗ ಗಟ್ಟಿ ಗುಂಡಿಗೆಯ ಮಕ್ಕಳು ಆಯ್ದುಕೊಳ್ಳುವ ಒಂದು ವರಸೆಯಿದೆ. ನಡುಮನೆಗಳನ್ನೆಲ್ಲ ಎದುರಾಳಿಯೇ ಹಿಡಿದುಕೊಳ್ಳಲಿ ಎಂದು ಬಿಟ್ಟುಕೊಡುವುದು, ಜಿ ಸಾಲಿನ ಕಾಲಾಳನ್ನು ಒಂದು ಮನೆ ಮುಂದಿಟ್ಟು ಅದು ತೆರವು ಮಾಡಿದ ಮನೆಯಲ್ಲಿ ಒಂಟೆಯನ್ನು ಕೂರಿಸುವುದು, ಕ್ಯಾಸಲಿಂಗ್ ಮಾಡಿ ರಾಜನನ್ನು ಮೂಲೆಗೆ ಸೇರಿಸುವುದು, ಆಮೇಲೆ ಎದುರಾಳಿ ಕಟ್ಟಿದ ನಡುಕೋಟೆಯ ಮೇಲೆ ಒಮ್ಮೆಲೇ ಬೀಳುವುದು. ಪುಸ್ತಕಗಳಲ್ಲಿ ಇದರ ಹೆಸರು ಕಿಂಗ್ಸ್ ಇಂಡಿಯನ್ ಡಿಫೆನ್ಸ್. ಗ್ರೂನ್‌ಫೆಲ್ಡ್ ಇದರ ದಾಯಾದಿ. ಹೆಸರಿಗೆ ರಕ್ಷಣೆ, ಒಳಗಿರುವುದು ಇರಿಯುವ ಆಸೆ. ಅದೇ ಮಕ್ಕಳು ಮನೆಗೆ ಬಂದು ಜಗಲಿಯಲ್ಲಿ ಹಿರಿಯರೊಡನೆ ಕುಳಿತರೆ ಆಟವೇ ಬೇರೆಯಾಗುವುದುಂಟು. ಅಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗುತ್ತದೆ, ರಾಜನಿಗೆ ಆಟಕ್ಕೊಮ್ಮೆ ಕುದುರೆಯ ಹಾರು ಉಂಟು, ಕ್ಯಾಸಲಿಂಗ್ ಎಂಬುದಿಲ್ಲ. ತರಬೇತಿಗೆ ಹೋಗುವ ಮಕ್ಕಳ ಬಾಯಲ್ಲಿ ಇದು 'ತಪ್ಪು ಚೆಸ್'. ನನ್ನ ವಾದ ಇಷ್ಟು: ಕೂಟದ ಆ ಉಗ್ರ ರಕ್ಷಣೆ ಹುಟ್ಟಿದ್ದು ಜಗಲಿಯ ಈ ನಿಧಾನದ ಆಟದಲ್ಲೇ. ನಿಧಾನದ ಆಟದ ರೂಢಿಯನ್ನು ವೇಗದ ನಿಯಮದೊಳಗೆ ತಂದಿಟ್ಟಾಗ ಅದು ಉಗ್ರವಾಯಿತು. ಆ ಉಗ್ರತೆ ಯಾರೋ ಒಬ್ಬ ಪಂಡಿತ ಕೂತು ಕಂಡುಹಿಡಿದದ್ದಲ್ಲ, ಎರಡು ನಿಯಮಗಳು ಒಂದೇ ಹಲಗೆಯ ಮೇಲೆ ಸೇರಿದ್ದರಿಂದ ಬಂದದ್ದು.

ಮೊದಲು ನಿಯಮದ ಲೆಕ್ಕ ನೋಡೋಣ. ಕಾಲಾಳು ಮೊದಲ ಸಲ ಎರಡು ಮನೆ ಹೋಗಬಹುದು ಎಂಬುದು ಯುರೋಪಿನ ಸೇರ್ಪಡೆ. ಸ್ಪೇನಿನ ದೊರೆ ಹತ್ತನೆಯ ಅಲ್ಫಾನ್ಸೊ 1283ರಲ್ಲಿ ಬರೆಯಿಸಿದ ಆಟಗಳ ಪುಸ್ತಕದಲ್ಲಿ ಅದು ಆಗಲೇ ಇದೆ. ನಮ್ಮ ಕಡೆ ಅದು ಬರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ 'ಮಾನಸೋಲ್ಲಾಸ'ದಲ್ಲಿ ರಾಜರ ವಿನೋದಗಳ ನಡುವೆ ಚದುರಂಗಕ್ಕೂ ಒಂದು ಅಧ್ಯಾಯವಿದೆ. ಅಲ್ಲಿನ ಕಾಲಾಳು ಒಂದೊಂದೇ ಮನೆ ನಡೆಯುವ ಕಾಲಾಳು. ಮುಂದಿನ ಶತಮಾನಗಳಲ್ಲಿ ಮಂತ್ರಿಗೂ ಒಂಟೆಗೂ ಇಂದಿನ ಉದ್ದನೆಯ ಓಟ ಬಂತು, ಕಾಲಾಳಿನ ನಡಿಗೆ ಮಾತ್ರ ಹಾಗೆಯೇ ಉಳಿಯಿತು. ಇದರ ಪರಿಣಾಮ ಸಣ್ಣದಲ್ಲ. ಇ4, ಡಿ4 ಮನೆಗಳಲ್ಲಿ ಜೋಡಿ ಕಾಲಾಳು ನಿಲ್ಲಿಸಲು ಯುರೋಪಿನ ಆಟದಲ್ಲಿ ಎರಡು ನಡೆ ಸಾಕು, ದೇಸಿ ಆಟದಲ್ಲಿ ನಾಲ್ಕು ಬೇಕು. ಎರಡೂ ಕಡೆಯ ದಂಡು ಮುಖಾಮುಖಿಯಾಗುವ ಹೊತ್ತಿಗೆ ಹತ್ತು ಹನ್ನೆರಡು ನಡೆ ಕಳೆದಿರುತ್ತದೆ. ಕೆಲವೆಡೆ ಆರಂಭದ ಹಲವು ನಡೆಗಳನ್ನು ಒಬ್ಬನೇ ಒಟ್ಟಿಗೆ ಇಟ್ಟುಬಿಡುವ ಪದ್ಧತಿಯೂ ಇತ್ತು, ಆಮೇಲೆ ಎದುರಾಳಿ ಅಷ್ಟೇ ನಡೆ ಇಡುವುದು. ಹೇಗಿದ್ದರೂ ಯಾರೂ ಯಾರನ್ನೂ ಮುಟ್ಟಲಾಗದ ಹೊತ್ತು ಅದು, ಅದಕ್ಕೆ ಅವಸರ ಏಕೆ ಎಂಬ ತಿಳಿವಳಿಕೆ ಅದರ ಹಿಂದಿದೆ.

ಇಂಥ ಆಟದಲ್ಲಿ ಒಂಟೆಯನ್ನು ಎಲ್ಲಿಂದ ಹೊರಡಿಸುವುದು? ಜಿ ಕಾಲಾಳನ್ನು ಒಂದು ಮನೆ ಸರಿಸಿದರೆ ಒಂಟೆಗೆ ಹಲಗೆಯ ಈ ಮೂಲೆಯಿಂದ ಆ ಮೂಲೆಯವರೆಗಿನ ಅತಿ ಉದ್ದದ ಓರೆದಾರಿ ಸಿಗುತ್ತದೆ. ಇ ಕಾಲಾಳನ್ನು ಒಂದು ಮನೆ ಸರಿಸಿ ಹೊರಟರೆ ಸಿಗುವುದು ಅದಕ್ಕಿಂತ ಮೊಟಕು ದಾರಿ. ನಿಯಮ ಒಂದು ಮನೆಯನ್ನೇ ಕೊಟ್ಟಿರುವಾಗ, ಆ ಒಂದು ಮನೆಗೆ ಹೆಚ್ಚು ಬೆಲೆ ತರುವ ನಡೆ ಇದು. ರಾಜನ ಹಾರಿನ ಲೆಕ್ಕವನ್ನೂ ಇದಕ್ಕೆ ಸೇರಿಸಬೇಕು. ಇ8ರಲ್ಲಿ ಕೂತ ರಾಜ ಕುದುರೆಯಂತೆ ಹಾರಿದರೆ ಇಳಿಯುವ ಮನೆಗಳಲ್ಲಿ ಒಂದು ಜಿ7. ಅಲ್ಲಿ ತನ್ನದೇ ಕಾಲಾಳು ನಿಂತಿದ್ದರೆ ಹಾರುವಂತಿಲ್ಲ. ಆದ್ದರಿಂದ ಅದನ್ನು ಮುಂಚೆಯೇ ಒಂದು ಮನೆ ಮುಂದೆ ತಳ್ಳಿಡಬೇಕು. ದೇಸಿ ಹಲಗೆಯಲ್ಲಿ ಹಲವೆಡೆ ಎರಡು ರಾಜರು ಎದುರುಬದುರಾಗಿ ಕೂರುವುದಿಲ್ಲ, ಒಬ್ಬನ ರಾಜನ ಎದುರು ಇನ್ನೊಬ್ಬನ ಮಂತ್ರಿ. ಹೀಗಾಗಿ ಒಬ್ಬ ಆಟಗಾರನ ರಾಜ ಡಿ ಸಾಲಿನಲ್ಲಿರುತ್ತಾನೆ, ಅವನ ಹಾರು ಬಿ7ಕ್ಕೆ, ಅವನು ಸರಿಸಿಡಬೇಕಾದದ್ದು ಬಿ ಕಾಲಾಳನ್ನು. ಇಂದಿನ ಓಪನಿಂಗ್ ಪುಸ್ತಕಗಳಲ್ಲಿ ಜಿ6ರ ಸುತ್ತ ಬೆಳೆದದ್ದು ಕಿಂಗ್ಸ್ ಇಂಡಿಯನ್, ಬಿ6ರ ಸುತ್ತ ಬೆಳೆದದ್ದು ಕ್ವೀನ್ಸ್ ಇಂಡಿಯನ್. ಎರಡೂ ದೇಸಿ ರಾಜನ ಹಾರಿಗೆ ಬಾಗಿಲು ತೆರೆಯುವ ಕಾಲಾಳುಗಳೇ ಆಗಿರುವುದನ್ನು ಬರೀ ಕಾಕತಾಳೀಯ ಎಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ.

ದೇಸಿ ಆಟದಲ್ಲಿ ಆರಂಭ ಅಷ್ಟು ಮುಖ್ಯವಾಗಿರಲಿಲ್ಲ ಎನ್ನಲು ಇನ್ನೊಂದು ಸಾಕ್ಷಿ ನಮ್ಮ ಬರಹಗಳ ಮೌನ. 1831ರಲ್ಲಿ ಆಡಳಿತ ಬ್ರಿಟಿಷರ ಕೈಸೇರಿದ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರು ಕಲೆ, ವಿದ್ಯೆ, ವಿನೋದಗಳಲ್ಲಿ ಬಹಳವಾಗಿ ತೊಡಗಿದರು. ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೊನೆಯದು ಕೌತುಕನಿಧಿ; ಆಟಗಳ ಮಾತೆಲ್ಲ ಅಲ್ಲಿ. ಕುದುರೆಯೊಂದು 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಬಂಧಗಳನ್ನು ಅವರು ಕಟ್ಟಿದ್ದರು, ಅವು ಯುರೋಪಿನ ಚೆಸ್ ಚರಿತ್ರೆಕಾರರ ಗಮನಕ್ಕೂ ಬಂದಿವೆ. 1814ರಲ್ಲಿ ಮುಂಬಯಿಯಲ್ಲಿ ತ್ರಿವೇಂಗಡಾಚಾರ್ಯ ಶಾಸ್ತ್ರಿಗಳ ಚೆಸ್ ಪುಸ್ತಕ ಇಂಗ್ಲಿಷಿನಲ್ಲಿ ಅಚ್ಚಾಯಿತು, ಮೂಲ ಸಂಸ್ಕೃತ. ಅದರಲ್ಲಿ ತುಂಬಿರುವುದು ಇಂತಿಷ್ಟು ಕಾಯಿ ಉಳಿದಿರುವಾಗ ಇಂತಿಷ್ಟು ನಡೆಯಲ್ಲಿ ರಾಜನನ್ನು ಕಟ್ಟುವುದು ಹೇಗೆ ಎಂಬ ಸಮಸ್ಯೆಗಳು. ಯುರೋಪಿನಲ್ಲಿ ಅದೇ ಕಾಲಕ್ಕೆ ಮೊದಲ ಹತ್ತು ನಡೆಗಳ ಮೇಲೆ ಪುಸ್ತಕದ ಮೇಲೆ ಪುಸ್ತಕ ಬರುತ್ತಿದ್ದವು. ನಮ್ಮವರ ಬುದ್ಧಿ ಆಟದ ಕೊನೆಯಲ್ಲೂ ಕುದುರೆಯ ಓಟದಲ್ಲೂ ಹರಿಯಿತು, ಮೊದಲಿನಲ್ಲಿ ಹರಿಯಲಿಲ್ಲ. ಮೊದಲಲ್ಲಿ ಜಗಳವೇ ಇಲ್ಲದಿದ್ದರೆ ಅದರ ಮೇಲೆ ಶಾಸ್ತ್ರ ಏಕೆ ಹುಟ್ಟಬೇಕು? ಶಾಸ್ತ್ರಿಗಳ ಪುಸ್ತಕದ ಇಂಗ್ಲಿಷ್ ಹೆಸರಿನಲ್ಲೇ, ಯುರೋಪಿನ ಆಟದ ಕ್ರಮಕ್ಕೆ ಹೊಂದಿಸಿದ್ದು ಎಂಬ ಮಾತಿದೆ. ಎರಡು ಆಟಗಳು ಬೇರೆ ಎಂಬ ಅರಿವು 1814ಕ್ಕೇ ಇತ್ತು.

ಈ ಎರಡು ಆಟಗಳು ನಿಜವಾಗಿ ಡಿಕ್ಕಿ ಹೊಡೆದದ್ದು ಕಲ್ಕತ್ತೆಯಲ್ಲಿ. ಜಾನ್ ಕಾಕ್ರೇನ್ ಅಲ್ಲಿ ವಕೀಲರಾಗಿದ್ದ ಸ್ಕಾಟ್ಲೆಂಡಿನವರು, ಲಂಡನ್ನಿನಲ್ಲಿ ಸ್ಟಾಂಟನ್‌ನಂಥವರೊಡನೆ ಆಡಿದವರು. 1848ರ ಸುಮಾರಿಗೆ, ಹಳ್ಳಿಗಾಡಿನ ಕಡೆ ಯಾರಿಗೂ ಸೋಲದ ಒಬ್ಬ ಬ್ರಾಹ್ಮಣನಿದ್ದಾನೆ ಎಂಬ ಸುದ್ದಿ ಅಲ್ಲಿನ ಚೆಸ್ ಆಡುವವರ ಕಿವಿಗೆ ಬಿತ್ತು. ಅವರೇ ಮಹೇಶಚಂದ್ರ ಬ್ಯಾನರ್ಜಿ. ಕಾಕ್ರೇನರೊಡನೆ ಅವರು ಆಡಿದ ನೂರಾರು ಆಟಗಳು ದಾಖಲಾಗಿ ಉಳಿದಿವೆ. ಅವುಗಳಲ್ಲೊಂದನ್ನು ಇಲ್ಲಿ ಬಿಡಿಸಿ ನೋಡುವುದು ಒಳ್ಳೆಯದು. ಬಿಳಿ ಕಾಯಿಯ ಕಾಕ್ರೇನ್ ಮೊದಲ ಐದು ನಡೆಗಳಲ್ಲಿ ಇ4, ಡಿ4, ಸಿ4, ಎಫ್4 ಎಂದು ನಾಲ್ಕು ಕಾಲಾಳುಗಳನ್ನು ಎರಡೆರಡು ಮನೆ ನುಗ್ಗಿಸಿದರು. ಜಗಲಿಯ ಆಟದಲ್ಲಾಗಿದ್ದರೆ ಅಷ್ಟಕ್ಕೇ ಎಂಟು ನಡೆ ಬೇಕಿತ್ತು. ಬ್ಯಾನರ್ಜಿ ಮೊದಲ ಆರು ನಡೆಗಳಲ್ಲಿ ಮುಟ್ಟಿದ್ದು ಎರಡೇ ಕಾಲಾಳು, ಡಿ6 ಮತ್ತು ಜಿ6. ಎರಡೂ ಒಂದೊಂದೇ ಮನೆ. ಒಂಟೆ ಜಿ7ಕ್ಕೆ, ಕುದುರೆ ಎಫ್6ಕ್ಕೆ, ಕ್ಯಾಸಲಿಂಗ್, ಇನ್ನೊಂದು ಒಂಟೆ ಜಿ4ಕ್ಕೆ. ಇಲ್ಲಿಯವರೆಗೆ ಅವರ ಕಾಲಾಳುಗಳನ್ನಷ್ಟೇ ನೋಡಿದರೆ ಅದು ಅಪ್ಪಟ ದೇಸಿ ಆಟ.

ಏಳನೆಯ ನಡೆಯಲ್ಲಿ ಬ್ಯಾನರ್ಜಿ ಮೊದಲ ಬಾರಿ ಕಾಲಾಳನ್ನು ಎರಡು ಮನೆ ನಡೆಸಿದರು, ಇ5. ಆಟಕ್ಕೆ ಬೆಂಕಿ ಬಿದ್ದದ್ದು ಆ ನಡೆಯಲ್ಲೇ. ಕಾಲಾಳುಗಳು ಕಡಿದಾಡಿದವು, ಒಂಬತ್ತನೆಯ ನಡೆಯಲ್ಲಿ ಅವರು ಇ4ರ ಕಾಲಾಳಿಗಾಗಿ ತಮ್ಮ ಕುದುರೆಯನ್ನೇ ಬಲಿಕೊಟ್ಟರು, ಹತ್ತನೆಯದರಲ್ಲಿ ಎಫ್ ಕಾಲಾಳು ಎರಡು ಮನೆ ನುಗ್ಗಿ ಬಿಳಿಯ ಕುದುರೆಯನ್ನು ಓಡಿಸಿತು. ಆ ಕುದುರೆ ಇ6ಕ್ಕೆ ಬಂದು ಕಪ್ಪು ಮಂತ್ರಿಗೆ ಗುರಿಯಿಟ್ಟಾಗ ಬ್ಯಾನರ್ಜಿ ಮಂತ್ರಿಯನ್ನು ಅಲ್ಲೇ ಬಿಟ್ಟು ಕಾಲಾಳಿನಿಂದ ಎಫ್3ರ ಕುದುರೆಯನ್ನು ಹೊಡೆದರು. ಕಾಕ್ರೇನ್ ಮಂತ್ರಿಯನ್ನು ತೆಗೆದುಕೊಂಡರು. ಅದೇ ಕಾಲಾಳು ಜಿ2ರ ಕಾಲಾಳನ್ನೂ ಹೊಡೆದು ದಾರಿ ಬಿಟ್ಟಿತು, ಜಿ4ರ ಒಂಟೆಯ ಕಣ್ಣು ನೇರವಾಗಿ ಬಿಳಿಯ ಮಂತ್ರಿಯ ಮೇಲೆ ಬಿತ್ತು. ಮಂತ್ರಿ ಹಿಂದಕ್ಕೆ ಬಂತು, ಮೇಲೆ ಲಾಭವೂ ಬಂತು, ಆಟವನ್ನು ಬ್ಯಾನರ್ಜಿ ಗೆದ್ದರು. ನನ್ನ ವಾದಕ್ಕೆ ಇದಕ್ಕಿಂತ ಬಿಗಿಯಾದ ಸಾಕ್ಷಿ ಬೇಕಿಲ್ಲ. ಸಿದ್ಧತೆಯ ನಡೆಗಳೆಲ್ಲ ಹಳೆಯ ನಿಯಮದವು, ಹೊಡೆತದ ನಡೆಗಳು ಹೊಸ ನಿಯಮದವು. ಎದುರಾಳಿಯ ನಾಲ್ಕು ಕಾಲಾಳು ಬೇಗ ಮುಂದೆ ಬಂದಿದ್ದರಿಂದಲೇ ಅವು ಒಂಟಿಯಾದವು, ಹಿಂದೆ ಬಯಲು ಉಳಿಯಿತು. ದೇಸಿ ಆಟದಲ್ಲಿ ಅಷ್ಟು ಬೇಗ ಅಂಥ ಬಯಲು ಬೀಳುವುದಿಲ್ಲ. ಆದ್ದರಿಂದ ಅಲ್ಲಿ ಜಿ7ರ ಒಂಟೆ ಬಹಳ ಹೊತ್ತು ಬರೀ ಕಾವಲುಗಾರ.

ಈ ರೂಢಿ ಎಂದೂ ಗೆಲ್ಲಿಸುವ ಮಂತ್ರವಾಗಿರಲಿಲ್ಲ. 1855ರ ಮೇ ತಿಂಗಳಲ್ಲಿ ಅದೇ ಇಬ್ಬರ ನಡುವೆ ನಡೆದ ಇನ್ನೊಂದು ಆಟದಲ್ಲಿ ಬ್ಯಾನರ್ಜಿ ಕುದುರೆ ಎಫ್6, ಕಾಲಾಳು ಜಿ6 ಆಡಿ, ಮೂರನೆಯ ನಡೆಯಲ್ಲೇ ಡಿ5 ಎಂದು ಎರಡು ಮನೆ ನುಗ್ಗಿದರು. ಕಾಕ್ರೇನ್ ಈ ಸಲ ಸೋಲಲಿಲ್ಲ. ಜೋಡಿ ಚೆಕ್ ಕೊಟ್ಟು, ಮಂತ್ರಿಯನ್ನು ಬಲಿಕೊಟ್ಟು, ತನ್ನದೇ ಕಾಯಿಗಳ ನಡುವೆ ಉಸಿರು ಕಟ್ಟಿದ ರಾಜನನ್ನು ಕುದುರೆಯಿಂದ ಮುಗಿಸುವ ದಾರಿ ಅವರಿಗೆ ಸಿಕ್ಕಿತು. ಸೋತ ಆಟವಾದರೂ ಚರಿತ್ರೆಗೆ ಬೇಕಾದದ್ದು ಇದೇ. ಇಂದು ಗ್ರೂನ್‌ಫೆಲ್ಡ್ ಎಂದು ಕರೆಯುವ ರಕ್ಷಣೆಯ, ದಾಖಲೆಯಲ್ಲಿ ಸಿಗುವ ಮೊದಲ ಆಟ ಇದು. ಅದಕ್ಕೆ ಹೆಸರು ಕೊಟ್ಟ ಎರ್ನ್‌ಸ್ಟ್ ಗ್ರೂನ್‌ಫೆಲ್ಡ್ ವಿಯೆನ್ನಾದ ಟೂರ್ನಿಯಲ್ಲಿ ಅಲೆಖೈನ್‌ರನ್ನು ಇದೇ ವರಸೆಯಲ್ಲಿ ಸೋಲಿಸಿದ್ದು 1922ರಲ್ಲಿ, 67 ವರ್ಷದ ಮೇಲೆ. 2010ರ ವಿಶ್ವ ಚಾಂಪಿಯನ್‌ಷಿಪ್ಪಿನ ಮೊದಲ ಆಟದಲ್ಲಿ, ಸೋಫಿಯಾದಲ್ಲಿ, ವಿಶ್ವನಾಥನ್ ಆನಂದ್ ಟೊಪಾಲೊವ್ ವಿರುದ್ಧ ಇದನ್ನೇ ಆಡಿ 30 ನಡೆಗಳಲ್ಲಿ ಸೋತರು. ಉಗ್ರ ರಕ್ಷಣೆ ಎಂದರೆ ಹೀಗೆ, ತಪ್ಪಿದರೆ ಆಡಿದವನಿಗೇ ತಿರುಗುತ್ತದೆ.

ಇದಕ್ಕೆ ಎತ್ತಬಹುದಾದ ಆಕ್ಷೇಪಗಳು ಹಗುರವಲ್ಲ. ಒಂಟೆಯನ್ನು ಪಕ್ಕದಿಂದ ಹೊರಡಿಸುವುದು ಯುರೋಪಿಗೆ ಗೊತ್ತೇ ಇರಲಿಲ್ಲವೆ ಎಂದು ಕೇಳಬಹುದು. ಗೊತ್ತಿತ್ತು, ಹಳೆಯ ಇಟಲಿಯ ಪುಸ್ತಕಗಳಲ್ಲೇ ಅದಕ್ಕೆ ಹೆಸರಿದೆ, 19ನೆಯ ಶತಮಾನದಲ್ಲಿ ಲೂಯಿ ಪಾಲ್ಸನ್ ಅದನ್ನು ಆಡಿದ್ದಾರೆ. ಆದರೆ ಅಲ್ಲಿ ಅದು ಪಕ್ಕದ ಓಣಿ, ಬಹುಪಾಲು ಆಟಗಾರರಿಗೆ ಸರಿಯಾದ ಉತ್ತರ ಇ5, ಡಿ5 ಎಂದು ನಡುಮನೆಗೆ ನುಗ್ಗುವುದೇ ಆಗಿತ್ತು. ಬ್ಯಾನರ್ಜಿಗೂ, ಇಂಗ್ಲಿಷ್ ಪತ್ರಿಕೆಗಳಲ್ಲಿ ಸೌಮ್‌ಚರ್ನ್ ಗಟ್ಟಾಕ್ ಎಂದು ಅಚ್ಚಾದ ಇನ್ನೊಬ್ಬ ಬಂಗಾಳಿ ಆಟಗಾರರಿಗೂ ಅದು ಹೆದ್ದಾರಿ. 1884ರ ಹೊತ್ತಿಗೆ 'ಇಂಡಿಯನ್' ಎಂಬ ಹೆಸರು ಬಳಕೆಗೆ ಬಂದಿತ್ತು. 1934ರಲ್ಲಿ ಬ್ರಿಟಿಷ್ ಚೆಸ್‌ನ ಚರಿತ್ರೆ ಬರೆದ ಫಿಲಿಪ್ ಸರ್ಜೆಂಟ್, ಈ ರಕ್ಷಣೆಗಳನ್ನು ಯುರೋಪಿಗೆ ಕಲಿಸಿದವರು ಬಹುಮಟ್ಟಿಗೆ ಬ್ಯಾನರ್ಜಿಯಂಥ ಭಾರತೀಯರೇ, ಅವರಿಗೆ ಅದು ತಮ್ಮ ಆಟದಿಂದ ಬಂದ ಬಳುವಳಿ ಎಂದು ಒಪ್ಪಿದರು. ಸರ್ಜೆಂಟರ ಮಾತು ಸರಿ, ಆದರೆ ಅದು ಅರ್ಧಕ್ಕೆ ನಿಲ್ಲುತ್ತದೆ. ಬಳುವಳಿಯಾಗಿ ಬಂದದ್ದು ಕಾಯಿ ಜೋಡಿಸುವ ಕ್ರಮ ಮಾತ್ರ. ಅದರ ಹರಿತ ಬಳುವಳಿಯಲ್ಲಿ ಇರಲಿಲ್ಲ.

ಇದಕ್ಕಿಂತ ಬಲವಾದ ಆಕ್ಷೇಪ ಇನ್ನೊಂದಿದೆ. ದೇಸಿ ನಿಯಮ ಎಲ್ಲೆಡೆ ಒಂದೇ ಆಗಿರಲಿಲ್ಲ. ಕೆಲವೆಡೆ ರಾಜ, ಮಂತ್ರಿ, ಆನೆಗಳ ಮುಂದಿನ ಕಾಲಾಳುಗಳಿಗೆ, ಹಿಂದಿನ ಕಾಯಿ ಕದಲದೆ ಇರುವವರೆಗೆ, ಎರಡು ಮನೆಯ ಸವಲತ್ತು ಇತ್ತು. ಹಾಗಿದ್ದಲ್ಲಿ ಇ4, ಡಿ4 ದೇಸಿ ಆಟದಲ್ಲೂ ಬೇಗ ಬರಬಹುದು, ನಾನು ಹೇಳಿದ ನಿಧಾನ ಅಷ್ಟರ ಮಟ್ಟಿಗೆ ಕರಗುತ್ತದೆ. ಒಪ್ಪಬೇಕಾದ ಮಾತು. ಆದರೆ ಆ ಪಟ್ಟಿಯಲ್ಲಿ ಯಾರು ಇಲ್ಲ ಎಂಬುದನ್ನೂ ನೋಡಬೇಕು. ಕುದುರೆಯ ಮುಂದಿನ ಕಾಲಾಳೂ ಒಂಟೆಯ ಮುಂದಿನದೂ ಅಲ್ಲಿಲ್ಲ. ಜಿ ಮತ್ತು ಬಿ ಸಾಲಿನ ಕಾಲಾಳುಗಳು ಕುದುರೆಯ ಮುಂದಿನವು. ಅಂದರೆ ನಿಯಮ ಸಡಿಲವಾದ ಕಡೆಯೂ ಈ ಎರಡು ಒಂದೇ ಮನೆಯ ಕಾಲಾಳುಗಳಾಗಿ ಉಳಿದವು. ಕಾಕ್ರೇನರ ಸಿ4, ಎಫ್4ಗಳು ಆ ಸಡಿಲ ನಿಯಮದಲ್ಲೂ ಆಗದ ನಡೆಗಳು. ನನ್ನ ವಾದದ ಅಂಚು ಇಲ್ಲಿ ಸ್ವಲ್ಪ ಸವೆಯುತ್ತದೆ, ನಡು ಮುರಿಯುವುದಿಲ್ಲ.

ಮೀರ್ ಸುಲ್ತಾನ್ ಖಾನ್ ಅವರ ಉದಾಹರಣೆಯನ್ನು ಎರಡೂ ಕಡೆಯವರು ಬಳಸುತ್ತಾರೆ. ಪಂಜಾಬಿನ ಈ ಆಟಗಾರ ದೇಸಿ ಚದುರಂಗದಲ್ಲಿ ಬೆಳೆದು, ಸರ್ ಉಮರ್ ಹಯಾತ್ ಖಾನರ ಆಶ್ರಯದಲ್ಲಿ ಇಂಗ್ಲೆಂಡಿಗೆ ಹೋಗಿ 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. 1930–31ರ ಹೇಸ್ಟಿಂಗ್ಸ್ ಕೂಟದಲ್ಲಿ ಕಾಪಾಬ್ಲಾಂಕರನ್ನು 65 ನಡೆಗಳ ಆಟದಲ್ಲಿ ಸೋಲಿಸಿದರು. ಆದರೆ ಅವರು ಹೆಸರಾದದ್ದು ಮಿಂಚಿನ ಹೊಡೆತಕ್ಕಲ್ಲ, ತಾಳ್ಮೆಗೆ, ಉದ್ದನೆಯ ಹಿಡಿತಕ್ಕೆ. ದೇಸಿ ಆಟ ಉಗ್ರ ರಕ್ಷಣೆಯ ತಾಯಿಯಾಗಿದ್ದರೆ ಇವರೇಕೆ ಉಗ್ರರಾಗಲಿಲ್ಲ ಎಂದು ಕೇಳಬಹುದು. ನನಗೆ ಇದು ನನ್ನ ಕಡೆಯ ಸಾಕ್ಷಿಯಾಗಿಯೇ ಕಾಣುತ್ತದೆ. ದೇಸಿ ಆಟ ಕೊಡುವುದು ತಾಳ್ಮೆಯನ್ನೇ. ಆ ತಾಳ್ಮೆಗೆ ಎರಡು ಮನೆಯ ಜಿಗಿತವನ್ನು ಸರಿಯಾದ ಹೊತ್ತಿಗೆ ಕೂಡಿಸಿದವರು ಬ್ಯಾನರ್ಜಿ. ಸುಲ್ತಾನ್ ಖಾನ್ ಹೆಚ್ಚಾಗಿ ತಾಳ್ಮೆಯನ್ನೇ ಕೊನೆಯವರೆಗೆ ದುಡಿಸಿದರು.

ಬಂಗಾಳ, ಪಂಜಾಬ್ ಸರಿ, ಇದರಲ್ಲಿ ಕುಂದಾಪುರದವರಿಗೆ ಏನು ಪಾಲು ಎಂಬ ಪ್ರಶ್ನೆ ನ್ಯಾಯವಾದದ್ದೇ. ಬಸ್ರೂರು, ಬಾರಕೂರಿನ ಹೆಸರು ಹೇಳಿ ಕಿಂಗ್ಸ್ ಇಂಡಿಯನ್‌ಗೆ ಕರಾವಳಿಯ ವಂಶಾವಳಿ ಕಟ್ಟುವುದು ಬೇಡ. ಆ ಬಂದರುಗಳಿಂದ ಅಕ್ಕಿ ಹಾರ್ಮುಜಿಗೆ ಹೋಗುತ್ತಿತ್ತು ಎಂದ ಮಾತ್ರಕ್ಕೆ ಚದುರಂಗದ ವರಸೆಯೂ ಹಡಗು ಹತ್ತಿತು ಎನ್ನಲಾಗದು. ಈ ಊರುಗಳಿಗೆ ಪಾಲು ಸಿಗುವುದು ನಿಯಮದ ಮೂಲಕ. ನಿಯಮ ಬದಲಾದರೆ ಆಟದ ಗುಣ ಬದಲಾಗುತ್ತದೆ ಎಂಬುದನ್ನು ಇಲ್ಲಿ ಬೇರೆ ಪುರಾವೆ ಕೊಟ್ಟು ಒಪ್ಪಿಸಬೇಕಿಲ್ಲ. ಆಸಾಡಿಯ ಮಳೆಗೆ ಅಟ್ಟದಿಂದ ಇಳಿಯುವ ಚೆನ್ನೆಮಣೆಯಲ್ಲಿ ಗುಳಿ 14, ಗುಳಿಗೆ ನಾಲ್ಕರಂತೆ ಕಾಳು. ಮಣೆ ಅದೇ, ಕಾಳು ಅವೇ; ಕಾಳು ಹಂಚುತ್ತ ಎಲ್ಲಿ ನಿಲ್ಲಬೇಕು, ಯಾವ ಗುಳಿಯದ್ದನ್ನು ಬಾಚಬೇಕು ಎಂಬ ಕಟ್ಟಳೆ ಬದಲಾದರೆ ಅದು ಬೇರೆಯೇ ಆಟ, ಅದಕ್ಕೆ ಬೇರೆಯೇ ಹೆಸರು. ಚದುರಂಗದ ಹಲಗೆಯ ಮೇಲೂ ಹೀಗೆಯೇ ಎರಡು ಆಟಗಳಿದ್ದವು. ಶಾಲೆ, ಕ್ಲಬ್ಬು, ಅಚ್ಚಿನ ಪುಸ್ತಕಗಳ ಮೂಲಕ ಬಂದ ಆಟ ಸ್ಪರ್ಧೆಯ ಆಟವಾಯಿತು, ಇನ್ನೊಂದು ಜಗಲಿಯಲ್ಲಿ ಉಳಿಯಿತು. ತಪ್ಪು ಚೆಸ್ ಎಂಬ ಬೈಗುಳದಲ್ಲಿ ಈ ಚರಿತ್ರೆ ಮುಚ್ಚಿಹೋಗುತ್ತದೆ. ಮುಮ್ಮಡಿಯವರ ಮೈಸೂರಿನಿಂದಲೇ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಎಂ.ಎಸ್. ತೇಜ್‌ಕುಮಾರ್ ಬಂದರು, ಅವರು ಗೆದ್ದದ್ದು ಅಂತರರಾಷ್ಟ್ರೀಯ ನಿಯಮದಲ್ಲಿ, ಅದು ಬೇರೆ ಮಾತು.

ಈ ವಾದಕ್ಕೆ ಇತ್ತೀಚೆಗೆ ಒದಗಿದ ಬೆಂಬಲ ನಾನು ನಿರೀಕ್ಷಿಸದ ಕಡೆಯದು. ಕಿಂಗ್ಸ್ ಇಂಡಿಯನ್ ಅನ್ನು ಬ್ರಾನ್‌ಸ್ಟೀನ್, ಬೊಲೆಸ್ಲಾವ್‌ಸ್ಕಿ, ಗೆಲ್ಲರ್ ಮುಂತಾದ ಸೋವಿಯತ್ ಆಟಗಾರರು ದೊಡ್ಡ ಅಸ್ತ್ರವಾಗಿಸಿದರು, ಫಿಷರ್, ಕಾಸ್ಪರೊವ್ ಅದನ್ನು ಮೆರೆಸಿದರು. ಕಾಸ್ಪರೊವ್ ಕೈಯಿಂದ ಅದನ್ನು ಬಿಡಿಸಿದವರು ವ್ಲಾದಿಮಿರ್ ಕ್ರಾಮ್ನಿಕ್. ಅವರ ಆಯುಧ ಒಂಬತ್ತನೆಯ ನಡೆಯ ಬಿ4, ಇನ್ನೊಂದು ಕಾಲಾಳಿನ ಎರಡು ಮನೆಯ ಜಿಗಿತ. 1997ರಲ್ಲಿ ನೊವ್‌ಗೊರೊದ್‌ನಲ್ಲಿ ಆ ವರಸೆಯಿಂದ ಸೋತ ಮೇಲೆ ಕಾಸ್ಪರೊವ್ ಈ ರಕ್ಷಣೆಯನ್ನು ಹೆಚ್ಚುಕಡಿಮೆ ಕೈಬಿಟ್ಟರು. ಅದೇ ಕ್ರಾಮ್ನಿಕ್ 2020ರಲ್ಲಿ ಡೀಪ್‌ಮೈಂಡ್ ಸಂಸ್ಥೆಯ ವಿಜ್ಞಾನಿಗಳೊಂದಿಗೆ ಸೇರಿ ಆಲ್ಫಾಝೀರೊ ಎಂಬ ಯಂತ್ರಕ್ಕೆ ಚೆಸ್‌ನ ಒಂಬತ್ತು ಬದಲಿ ನಿಯಮಗಳನ್ನು ಕೊಟ್ಟು ಆಡಿಸಿ ನೋಡಿದರು. ಅವುಗಳಲ್ಲಿ ಒಂದು, ಕಾಲಾಳು ಎಂದೂ ಒಂದೇ ಮನೆ ನಡೆಯಬೇಕು ಎಂಬುದು. ಕ್ರಾಮ್ನಿಕ್ ಅಭಿಪ್ರಾಯದಲ್ಲಿ ಈ ನಿಯಮದಡಿ ಓಪನಿಂಗ್ ಶಾಸ್ತ್ರ ಪೂರ್ತಿ ಬದಲಾಗುತ್ತದೆ, ಬಿಳಿಗೆ ಆರಂಭದ ಮೇಲುಗೈ ಉಳಿಸಿಕೊಳ್ಳುವುದು ಕಷ್ಟವಾಗುತ್ತದೆ, ಕಾಲಾಳುಗಳನ್ನು ಬೇಗ ನುಗ್ಗಿಸಿ ಮಾಡುವ ದಾಳಿಗಳಿಗೆ ಅರ್ಥ ಉಳಿಯುವುದಿಲ್ಲ, ಆಟ ನಿಧಾನವಾಗಿ ಯೋಜನೆಯ ಕಡೆ ವಾಲುತ್ತದೆ. ಜಗಲಿಯಲ್ಲಿ ಆಡಿದವರಿಗೆ ಇದರಲ್ಲಿ ಹೊಸದೇನಿಲ್ಲ. ಪ್ರಯೋಗದ ಪಟ್ಟಿಯಲ್ಲಿ ಮಾತ್ರ ಅದು ಹೊಸ ಆಟ. ಅಲ್ಲಿ ಕ್ಯಾಸಲಿಂಗ್ ಅನ್ನು ಇದ್ದ ಹಾಗೆಯೇ ಬಿಟ್ಟಿದ್ದರು. ಅದನ್ನು ತೆಗೆದು, ರಾಜನಿಗೆ ಅವನ ಒಂದು ಹಾರನ್ನು ಕೊಟ್ಟು ಯಂತ್ರವನ್ನು ಕೂರಿಸಿದ್ದರೆ, ಜಿ ಕಾಲಾಳು ಒಂದು ಮನೆ ಸರಿದ ಮೇಲೆ ಆ ಖಾಲಿ ಮನೆಗೆ ಒಂಟೆ ಬರುತ್ತಿತ್ತೋ, ರಾಜನೇ ಬರುತ್ತಿದ್ದನೋ ನೋಡಬಹುದಿತ್ತು.